ಕೊಡಗಿನ ಮಳೆಯಲ್ಲೇ ಅಳೆಯಲಿ

ಕೇಳುಗರೇ, ನಮಸ್ಕಾರ.

ಗಾಳಿಮಳೆ ಜೋರಾದರೆ ನಮ್ಮಲ್ಲಿ ಮೊದಲು ಕರೆಂಟ್ ಹೋಗುತ್ತದೆ, ಆಮೇಲೆ ಟವರ್. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಜೋಡುಪಾಲದವರು ಪಟ್ಟ ಪಾಡು ನಿಮಗೆ ಗೊತ್ತೇ ಇದೆ. ಟವರ್ ಹಂಗಿಲ್ಲದೆ ನೇರ ಉಪಗ್ರಹಕ್ಕೆ ಮಾತಾಡುವ ಫೋನ್ ಇಂಥ ಊರಿಗೇ ಬೇಕು. ಅದರ ಸಂಕೇತ ಮಳೆಯಲ್ಲಿ ಎಷ್ಟು ಸೊರಗುತ್ತದೆ ಎಂದು ಕೊಡಗಿನಲ್ಲೇ ಅಳೆಯಬೇಕು ಎಂಬುದು ನನ್ನ ಮಾತು.

ಈ ಫೋನುಗಳು ಬಹುಕಾಲದಿಂದ ಎಲ್ ಬ್ಯಾಂಡ್ ಎಂಬ ರೇಡಿಯೊ ಅಲೆಗಳ ಪಟ್ಟಿಯಲ್ಲಿ, ಸುಮಾರು 1.5 ಗಿಗಾಹರ್ಟ್ಸ್‌ನಲ್ಲಿ ನಡೆದಿವೆ. ಅಲ್ಲಿ ಅಲೆಯ ಉದ್ದ 20 ಸೆಂಟಿಮೀಟರ್. ಮಳೆಹನಿ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಆ ಪಟ್ಟಿಯಲ್ಲಿ ಮಾಹಿತಿ ಸಾಗಿಸುವ ಜಾಗ ಇಕ್ಕಟ್ಟು. ಮಾತಿಗೆ ಸಾಕು, ವಿಡಿಯೊಗೆ ಸಾಲದು. ಜಾಸ್ತಿ ಜಾಗ ಇರುವುದು ಮೇಲಿನ ಕಾ ಬ್ಯಾಂಡ್‌ನಲ್ಲಿ, 20ರಿಂದ 30 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ಅಲೆ ಒಂದೂವರೆ, ಒಂದು ಸೆಂಟಿಮೀಟರಿಗೆ ಇಳಿಯುತ್ತದೆ. ದಪ್ಪ ಹನಿ ಐದು ಮಿಲಿಮೀಟರ್ ಇರುತ್ತದೆ ಅಲ್ವಾ? ಅದು ಅಲೆಯನ್ನು ಹೀರುತ್ತದೆ, ಚದುರಿಸುತ್ತದೆ. ತೋಟದ ಸಿಲ್ವರ್ ಓಕ್ ಎಲೆಗಳೂ ಹಾಗೇ ತಡೆಯುತ್ತವೆ.

ನಾಸಾ 1993ರಲ್ಲಿ ಆಕ್ಟ್ಸ್ ಎಂಬ ಉಪಗ್ರಹ ಹಾರಿಸಿತು. ಆಮೇಲೆ ವಾಹನಕ್ಕೆ ಆಂಟೆನಾ ಕಟ್ಟಿ, ಮರಗಳಿರುವ ರಸ್ತೆಗಳಲ್ಲಿ ಓಡಿಸಿ ಈ ತಡೆಯನ್ನೇ ಅಳೆದರು. 2014ರ ಜನವರಿಯಲ್ಲಿ ಇಸ್ರೊ ಹಾರಿಸಿದ ಜಿಸ್ಯಾಟ್-14ರಲ್ಲಿ 20.2 ಮತ್ತು 30.5 ಗಿಗಾಹರ್ಟ್ಸ್‌ನ ಎರಡು ಬೀಕನ್ ಇದ್ದವು. ಬೀಕನ್ ಒಂದೇ ಸಮನೆ ಸಂಕೇತ ಕಳಿಸುತ್ತದೆ. ನೆಲ ಮುಟ್ಟುವಾಗ ಅದು ಎಷ್ಟು ಸೊರಗಿತು ಎಂದು ನೋಡಿದರೆ ಮಳೆಯ ಪೆಟ್ಟು ತಿಳಿಯುತ್ತದೆ. ಇಸ್ರೊ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಇರುವುದು ನಮ್ಮ ಪಕ್ಕದ ಹಾಸನದಲ್ಲೇ.

ಹಾಗಿದ್ದ ಮೇಲೆ ಕೊಡಗಿನಲ್ಲೇ ಯಾಕೆ ಅಳೆಯಬೇಕು? ನಮ್ಮ ಮಳೆ ಒಂದೇ ಥರ ಅಲ್ಲ. ಏಪ್ರಿಲ್‌ನ ಗುಡುಗು ಮಳೆಯಲ್ಲಿ ದಪ್ಪ ಹನಿ, ಅರ್ಧ ಗಂಟೆಯ ಆರ್ಭಟ. ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ ಹೆಚ್ಚಾಗಿ ಸಣ್ಣ ಹನಿ, ದಿನಗಟ್ಟಲೆ ಬಿಡುವೇ ಇಲ್ಲ. ತೋಟದ ಮನೆಗಳಲ್ಲಿ ದಿನಾ ಬೆಳಿಗ್ಗೆ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಮಳೆ ಬರೆದಿಡುತ್ತೇವೆ. ಬೆಲೆಬಾಳುವ ಪುಸ್ತಕಗಳು ಅವು. ಆದರೆ ಸಂಕೇತಕ್ಕೆ ದಿನದ ಮೊತ್ತಕ್ಕಿಂತ ಆ ನಿಮಿಷದ ಬಿರುಸು ಮುಖ್ಯ. ಐದು ಇಂಚು ಇಡೀ ದಿನ ಹರಡಿ ಸುರಿದರೆ ಫೋನ್ ತಡೆದುಕೊಳ್ಳಬಹುದು. ಹತ್ತು ನಿಮಿಷದಲ್ಲಿ ಅರ್ಧ ಇಂಚು ಬಿದ್ದರೆ ಕಷ್ಟ.

ನಮಗೊಂದು ಅನುಕೂಲವೂ ಇದೆ. ಭಾರತದ ಮೇಲೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹ ನಮಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಮಳೆಯೊಳಗಿನ ದಾರಿ ಗಿಡ್ಡವಾಗುತ್ತದೆ.

ನನ್ನ ಆಸೆ ಇಷ್ಟು. ಮಳೆ ಜಾಸ್ತಿ ಇರುವ ಭಾಗಮಂಡಲದಲ್ಲಿ ಒಂದು, ಮಳೆ ಕಡಿಮೆ ಇರುವ ಕುಶಾಲನಗರದಲ್ಲಿ ಒಂದು, ಉಪಗ್ರಹದ ಸಂಕೇತ ಹಿಡಿಯುವ ರಿಸೀವರ್ ಇಡಲಿ. ಪಕ್ಕದಲ್ಲೇ ನಿಮಿಷ ನಿಮಿಷಕ್ಕೂ ಬರೆದುಕೊಳ್ಳುವ ಮಳೆಮಾಪಕ ಇರಲಿ. ಬಿರುಸು ಎಷ್ಟಾದಾಗ ಫೋನ್ ತಾನಾಗಿಯೇ ವೇಗ ತಗ್ಗಿಸಬೇಕು, ಎಷ್ಟಾದಾಗ ಎಲ್ ಬ್ಯಾಂಡ್‌ಗೆ ಮರಳಬೇಕು ಎಂಬುದು ಆ ಲೆಕ್ಕದಿಂದಲೇ ಸಿಗಬೇಕು. ಯಂತ್ರಗಳು ಏಪ್ರಿಲ್‌ಗೆ ಮೊದಲೇ ಬಂದರೆ ಎರಡೂ ಥರದ ಮಳೆ ಒಂದೇ ವರ್ಷದಲ್ಲಿ ಸಿಗುತ್ತದೆ.