ಗುಲಾಬಿ ಥರ್ಮಾಕೋಲಿನ ಗೂಡು

ಈ ವಿಡಿಯೊದಲ್ಲಿ ನನ್ನ ಕೈಯಲ್ಲಿರುವ ಗುಲಾಬಿ ಹಲಗೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಇಂಚು ದಪ್ಪ. ಒಂದೇ ಕೈಯಲ್ಲಿ ಎತ್ತಿ ಹಿಡಿದಿದ್ದೇನೆ ಎಂದು ಮೆಚ್ಚಬೇಡಿ, ತೂಕ ಮೂರು ಕಿಲೋ ಚಿಲ್ಲರೆ ಅಷ್ಟೇ. ಮಲ್ಪೆಯಿಂದ ವಿಡಿಯೊ ಕರೆಯಲ್ಲಿ ಇದನ್ನು ಕಂಡ ಅಪ್ಪ ಕೇಳಿದರು: "ಏನು, ಗಣಪತಿಗೆ ಮಂಟಪವೇ?"

ಅಪ್ಪನ ಊಹೆ ಪೂರ್ತಿ ತಪ್ಪಲ್ಲ. ಇದು ಥರ್ಮಾಕೋಲಿನ ಒಡಹುಟ್ಟಿದ್ದೇ, ಅದೇ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಆದರೆ ಮಣಿಮಣಿಯಾಗಿ ಉದುರುವುದಿಲ್ಲ, ನೀರು ಕುಡಿಯುವುದಿಲ್ಲ. ಇಲ್ಲಿ ಮಿಷಿಗನ್‌ನಲ್ಲಿ ಮನೆಯ ತಳಪಾಯಕ್ಕೆ ಚಳಿ ತಾಗದಂತೆ ಹೊದಿಸುವ ಫೋಮ್. ನಾನು ಅದರಲ್ಲಿ ಕಾರಿನ ಹಿಂದೆ ಎಳೆದೊಯ್ಯುವ, ಇಬ್ಬರು ಮಲಗುವಷ್ಟು ದೊಡ್ಡ ಟ್ರೇಲರ್ ಕಟ್ಟುತ್ತಿದ್ದೇನೆ. ನೀರಹನಿಯ ಆಕಾರದ ಇಂಥ ಟ್ರೇಲರ್‌ಗಳು ಅಮೆರಿಕದಲ್ಲಿ 1930ರ ದಶಕದಿಂದಲೂ ಇವೆ. ಪ್ಲೈವುಡ್ಡಿನಲ್ಲಿ ಕಟ್ಟಿದರೆ ನಮ್ಮ ಪುಟ್ಟ ಕಾರು ಏರುದಾರಿಯಲ್ಲಿ ಏದುಸಿರು ಬಿಡುತ್ತದೆ. ಅದಕ್ಕೇ ಫೋಮ್. ಅದರ ಮೇಲೆ ಗಾಜಿನ ಎಳೆಗಳಿಂದ ನೇಯ್ದ ಬಟ್ಟೆ ಹಾಸಿ, ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಎಪಾಕ್ಸಿ ಎಂಬ ಅಂಟು ಕುಡಿಸುತ್ತೇನೆ. ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ವೇರಿಈಝ್ ಎಂಬ ಪುಟ್ಟ ವಿಮಾನ 1975ರಲ್ಲಿ ಫೋಮ್, ಗಾಜಿನ ಬಟ್ಟೆ, ಎಪಾಕ್ಸಿಗಳ ರೆಕ್ಕೆ ಕಟ್ಟಿಕೊಂಡೇ ಹಾರಿತ್ತು. ನನ್ನ ಗೂಡು ಚಕ್ರದ ಮೇಲೆ ಉರುಳಿದರೆ ಸಾಕು.

ಫೋಮಿನ ತುಂಡಿನಲ್ಲಿ ಈಗ ಕಾಣುತ್ತಿರುವ ಈ ಗುಂಡಿ ನನ್ನ ಅತಿ ಜಾಣತನದ ಗುರುತು. ಮಲ್ಪೆಯ ದಕ್ಕೆಯಲ್ಲಿ ಫೈಬರ್ ದೋಣಿಗಳಿಗೆ ತೇಪೆ ಹಾಕುವುದನ್ನು ನೋಡುತ್ತಲೇ ಬೆಳೆದವನು ನಾನು. ಆ ಘಾಟು ವಾಸನೆಯ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವ ಎಪಾಕ್ಸಿಗಿಂತ ಅಗ್ಗ, ಅದನ್ನೇ ತಂದೆ. ತುಂಡು ಫೋಮಿನ ಮೇಲೆ ಒಂದು ಚಮಚ ಸುರಿದೆ. ಕಾದ ಕಾವಲಿಯ ಮೇಲಿಟ್ಟ ಬೆಣ್ಣೆಯಂತೆ ಫೋಮ್ ಕುಸಿದು ಹೋಯಿತು! ಆ ವಾಸನೆಯೇ ಸ್ಟೈರೀನ್, ಅದು ಈ ಫೋಮನ್ನು ಕರಗಿಸಿಬಿಡುತ್ತದೆ. ಎಪಾಕ್ಸಿಯಲ್ಲಿ ಅದಿಲ್ಲ. ಪುಣ್ಯಕ್ಕೆ ಹಾಳಾದದ್ದು ತುಂಡು ಮಾತ್ರ.

ಮೊದಲ ದಿನ ಎಪಾಕ್ಸಿಯೂ ಆಟ ಆಡಿಸಿತು. ನನ್ನದು ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡನರ್, ಅಂದರೆ ಅದನ್ನು ಗಟ್ಟಿಯಾಗಿಸುವ ದ್ರವ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿಯುವಂತಿಲ್ಲ, ಅಳತೆ ತಪ್ಪಿದರೆ ಅದು ಅಂಟಂಟಾಗಿಯೇ ಉಳಿಯುತ್ತದೆ. ಅಳತೆಯೇನೋ ಸರಿಯಾಗಿತ್ತು. ಆದರೆ ಇಡೀ ಲೋಟ ಕಲಸಿಟ್ಟು ಬಟ್ಟೆ ಕತ್ತರಿಸಲು ಹೋದೆ. ತಿರುಗಿ ನೋಡಿದರೆ ಲೋಟದಿಂದ ಹೊಗೆ! ಆಳದ ಪಾತ್ರೆಯಲ್ಲಿ ತನ್ನ ಬಿಸಿಗೆ ತಾನೇ ಕುದಿಯುತ್ತದೆ ಇದು. ಈಗ ಕಲಸಿದ ತಕ್ಷಣ ಅಗಲವಾದ ತಟ್ಟೆಗೆ ಸುರಿದುಬಿಡುತ್ತೇನೆ.

ಇದು ನನಗೆ ಅತ್ಯಂತ ಇಷ್ಟವಾದ ದೃಶ್ಯ. ಗಾಜಿನ ಬಟ್ಟೆ ಒಣಗಿದ್ದಾಗ ಅಚ್ಚ ಬಿಳಿ. ಎಪಾಕ್ಸಿ ಹೀರಿದಂತೆ ಒದ್ದೆ ಪಂಚೆಯ ಹಾಗೆ ಪಾರದರ್ಶಕವಾಗುತ್ತ ಹೋಗಿ ಅಡಿಯ ಗುಲಾಬಿ ಬಣ್ಣ ಮೇಲೇಳುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ, ರಬ್ಬರ್ ಪಟ್ಟಿಯಿಂದ ಎಳೆದು ಹೊರಗಟ್ಟಬೇಕು. ಕೈಗವಸು ಬಿಟ್ಟು ಕೈ ಹಾಕಬೇಡಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ.

ಮರುದಿನ ಪರೀಕ್ಷೆ. ಬರಿಯ ಫೋಮಿನ ಪಟ್ಟಿಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ಕಾಲಿಟ್ಟೆ, ಲಟಕ್. ಎರಡೂ ಬದಿಗೆ ಬಟ್ಟೆ ಅಂಟಿಸಿದ ಪಟ್ಟಿಯ ಮೇಲೆ ನನ್ನ ಎಪ್ಪತ್ತೆರಡು ಕಿಲೋ ಹೊತ್ತು ನಿಂತೆ, ತುಸು ಬಾಗಿತು, ಅಷ್ಟೇ. ಮೇಲಿನ ಪದರ ಅದುಮಿಸಿಕೊಳ್ಳುತ್ತದೆ, ಕೆಳಗಿನದು ಎಳೆಸಿಕೊಳ್ಳುತ್ತದೆ. ಎರಡನ್ನೂ ದೂರ ಹಿಡಿದು, ಒಂದರ ಮೇಲೊಂದು ಜಾರದಂತೆ ತಡೆಯುವುದಷ್ಟೇ ನಡುವಿನ ಫೋಮಿನ ಕೆಲಸ. ಅಪ್ಪನಿಗೆ ಇದನ್ನು ಮೂರು ಸಲ ತೋರಿಸಿದೆ. "ಮಳೆಗೆ?" ಎಂದರು.

ಬಣ್ಣದ ವಿಷಯದಲ್ಲಿ ಮನೆಯಲ್ಲಿ ಸಣ್ಣ ಜಗಳ. ಹೆಂಡತಿಗೆ ಕಡುನೀಲಿ ಬೇಕಿತ್ತು. ಕಡು ಬಣ್ಣ ಬಿಸಿಲಿಗೆ ಕಾದರೆ ಒಳಗಿನ ಫೋಮ್ ಮೆತ್ತಗಾಗುತ್ತದೆ, ಬಣ್ಣವನ್ನೇ ಬಳಿಯದಿದ್ದರೆ ಬಿಸಿಲು ಎಪಾಕ್ಸಿಯನ್ನು ತಿನ್ನುತ್ತದೆ. ಬಿಳಿಯೇ ಗೆದ್ದಿತು. ಬಾಗಿಲು ಮಾತ್ರ ನೀಲಿ, ಅದು ಮರದ್ದು.

ಇದು ಮಿಷಿಗನ್ ಸರೋವರದ ದಂಡೆ, ಸ್ಲೀಪಿಂಗ್ ಬೇರ್ ಮರಳುದಿಬ್ಬಗಳ ಹತ್ತಿರ, ಬೆಳಿಗ್ಗೆ ಆರು ಗಂಟೆ. ರಾತ್ರಿಯಿಡೀ ಮಳೆ ಸುರಿದಿದೆ, ಮೇಲಿನಿಂದ ಒಂದು ಹನಿಯೂ ಸೋರಿಲ್ಲ. ಕಿಟಕಿಯ ಗಾಜಿನಿಂದ ದಿಂಬಿಗೆ ಇಳಿಯುತ್ತಿರುವ ಈ ನೀರು ನಮ್ಮಿಬ್ಬರದೇ ಉಸಿರು. ಗಾಳಿ ಆಡಲೆಂದು ಚಾವಣಿಗೆ ತಂದ ಫ್ಯಾನ್ ಇನ್ನೂ ಗ್ಯಾರೇಜಿನಲ್ಲಿ, ರಟ್ಟಿನ ಪೆಟ್ಟಿಗೆಯೊಳಗೇ ಇದೆ.