ಬೆನ್ನ ಹಿಂದಿನ ಟ್ರಿಣ್ ಟ್ರಿಣ್

ಕೇಳುಗರಿಗೆ ನಮಸ್ಕಾರ.

ಇಲ್ಲಿ ಸ್ಟುಡಿಯೋದ ಮೇಜಿನ ಮೇಲೆ ಮೂರು ಸಾಮಾನು ಇಟ್ಟುಕೊಂಡು ಕೂತಿದ್ದೇನೆ. ಒಂದೊಂದಾಗಿ ಬಾರಿಸುತ್ತೇನೆ. ಕಣ್ಣು ಮುಚ್ಚಿಕೊಂಡು ಕೇಳಿ. ಒಲೆ ಮೇಲೆ ಹಾಲಿಟ್ಟಿರುವವರು ಮಾತ್ರ ಮುಚ್ಚಬೇಡಿ.

(ಬ್ಯಾಟರಿ ಹಾರ್ನಿನ ಸದ್ದು)

ಇದು ಒಂದನೆಯದು. ಬೆಚ್ಚಿಬಿದ್ದಿರಾ? ಕ್ಷಮಿಸಿ. ಇನ್ನೊಂದು ಸಲ ಬಾರಿಸುವುದಿಲ್ಲ.

(ಹಿತ್ತಾಳೆ ಬೆಲ್ಲಿಗೆ ಒಂದೇ ಏಟು, ನಾದ ತಾನಾಗಿ ಆರುವವರೆಗೂ ಸುಮ್ಮನಿರುವುದು)

ಇದು ಎರಡನೆಯದು. ಎಷ್ಟು ಹೊತ್ತು ಉಳಿಯಿತು ನೋಡಿ.

(ಟ್ರಿಣ್ ಟ್ರಿಣ್)

ಇದು ಮೂರನೆಯದು. ಇದನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ.

ಮೂರೂ ಸೈಕಲ್ಲಿಗೆ ಹಾಕುವಂಥವೇ. ನೌಕರಿಯಿಂದ ನಿವೃತ್ತನಾದ ಮೇಲೆ ಮತ್ತೆ ಸೈಕಲ್ ಹತ್ತಿದವನು ನಾನು. ಒಂದು ವರ್ಷದಲ್ಲಿ ಈ ಮೂರು ಬಗೆಯನ್ನೂ ಒಂದಾದ ಮೇಲೊಂದು ಹ್ಯಾಂಡಲ್ಲಿಗೆ ಕಟ್ಟಿ ನೋಡಿದ್ದೇನೆ. ಒಂದು ಬೆಲ್ಲಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಮನೆಯವಳೂ ಕೇಳಿದ್ದಳು. ಕೆಡಿಸಿಕೊಳ್ಳಬೇಕಾಗಿ ಬಂತು. ಯಾಕೆ ಅಂತ ಹೇಳುತ್ತೇನೆ.

ನಾನು ದಿನಾ ಬೆಳಿಗ್ಗೆ ಹೋಗುವುದು ನಮ್ಮ ಬಡಾವಣೆಯ ಕೆರೆ ಏರಿ ಮೇಲೆ. ಅಗಲ ಅಂದರೆ ಎರಡು ಮಾರು ಇರಬಹುದು. ಒಂದು ಕಡೆ ನೀರು, ಇನ್ನೊಂದು ಕಡೆ ಲಂಟಾನದ ಪೊದೆ. ಅಲ್ಲೇ ವಾಕಿಂಗಿನವರು, ಅಲ್ಲೇ ನಾಯಿ ಹಿಡಿದುಕೊಂಡು ಬರುವವರು, ಅಲ್ಲೇ ನಮ್ಮಂಥ ಸೈಕಲ್ಲಿನವರು. ಮೂರು ಜನ ಗೆಳೆಯರು ಮಾತಾಡಿಕೊಂಡು ಸಾಲಾಗಿ ಹೊರಟರೆ ದಾರಿ ಮುಗಿಯಿತು. ಹಾಗೆ ಹೋಗಬಾರದು ಅಂತ ಹೇಳುವುದಕ್ಕೂ ಆಗುವುದಿಲ್ಲ. ಮಾತಾಡುವುದಕ್ಕೆಂದೇ ತಾನೇ ಅವರು ಬರುವುದು?

ಮೊದಲು ನಾನು ಕೊಂಡದ್ದು ಆ ಬ್ಯಾಟರಿ ಹಾರ್ನು. ಜೋರು ಇದ್ದಷ್ಟೂ ಒಳ್ಳೆಯದು ಅನ್ನುವ ಲೆಕ್ಕ. ಏರಿ ಮೇಲೆ ಪೂಜೆಗೆ ಹೂ ಕುಯ್ಯುವುದಕ್ಕೆ ಒಬ್ಬ ಅಜ್ಜಿ ಬರುತ್ತಾರೆ. ಎರಡನೇ ದಿನವೋ ಮೂರನೇ ದಿನವೋ, ಅವರ ಬೆನ್ನ ಹಿಂದೆ ಹೋಗಿ ಹಾರ್ನು ಒತ್ತಿದೆ. ದಾರಿಯ ಎಡಬದಿಯಲ್ಲಿ ಸುಮ್ಮನೆ ನಡೆಯುತ್ತಿದ್ದವರು ಒಂದೇ ನೆಗೆತಕ್ಕೆ ಬಲಕ್ಕೆ, ನೇರ ನನ್ನ ಚಕ್ರದ ಮುಂದಕ್ಕೇ ಬಂದುಬಿಟ್ಟರು. ಬ್ರೇಕ್ ಹಿಡಿದೆ. ನಾನು ಪೊದೆಯಲ್ಲಿ, ಅವರ ದಾಸವಾಳ ಎಲ್ಲ ನೆಲದ ಮೇಲೆ.

"ಲಾರಿ ಬಂತು ಅಂದ್ಕೊಂಡೆ ಕಣಪ್ಪ! ಸೈಕಲ್ಲಿಗೆ ಇಷ್ಟು ದೊಡ್ಡ ಗಂಟಲು ಯಾಕೆ?" ಅಂದರು.

ಹೂ ಆಯ್ದು ಕೊಟ್ಟೆ. ನೆಲಕ್ಕೆ ಬಿದ್ದದ್ದು ದೇವರಿಗೆ ಆಗುವುದಿಲ್ಲ ಅಂತ ಬೇರೆ ಕುಯ್ದು ಕೊಡಬೇಕಾಯಿತು.

ಆಮೇಲೆ ಯೋಚಿಸಿದರೆ ಅಜ್ಜಿಯ ತಪ್ಪೇನೂ ಇರಲಿಲ್ಲ. ಬೆಚ್ಚಿಬಿದ್ದವರು ಯೋಚಿಸಿ ಹೆಜ್ಜೆ ಇಡುವುದಿಲ್ಲ. ಮೈ ಮೊದಲು ಹಾರುತ್ತದೆ, ತಲೆಗೆ ಆಮೇಲೆ ತಿಳಿಯುತ್ತದೆ. ಇನ್ನೊಂದನ್ನೂ ಗಮನಿಸಿದ್ದೇನೆ. ಬಲ ಭುಜದ ಮೇಲಿಂದ ತಿರುಗಿ ನೋಡುವವರ ಕಾಲೂ ಸ್ವಲ್ಪ ಬಲಕ್ಕೇ ಬರುತ್ತದೆ. ನಾವು ಅವರನ್ನು ದಾಟುವುದೂ ಬಲಗಡೆಯಿಂದಲೇ ಅಲ್ವಾ? ಅಂದರೆ ನಮ್ಮ ಸದ್ದು ಅವರಿಗೆ ತಿರುಗಿ ನೋಡುವಷ್ಟು, ನೋಡಿ ಮತ್ತೆ ತಮ್ಮ ಜಾಗಕ್ಕೆ ಹೋಗುವಷ್ಟು ಪುರುಸೊತ್ತು ಕೊಡಬೇಕು. ಹಾರ್ನು ಪುರುಸೊತ್ತನ್ನೇ ಕಿತ್ತುಕೊಳ್ಳುತ್ತದೆ. ಅದೀಗ ಮೊಮ್ಮಗನ ಮೂರು ಚಕ್ರದ ಸೈಕಲ್ಲಿನದು, ಇವತ್ತಿಗೆ ಮಾತ್ರ ಬಿಚ್ಚಿ ತಂದಿದ್ದೇನೆ. ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ, ಅದು ಬೇರೆ ಮಾತು.

ಎರಡನೆಯದು ಹಿತ್ತಾಳೆಯದು. ಒಂದು ಪುಟ್ಟ ಬಟ್ಟಲು, ಪಕ್ಕದಲ್ಲಿ ಸ್ಪ್ರಿಂಗಿಗೆ ಸಿಕ್ಕಿಸಿದ ಪುಟ್ಟ ಸುತ್ತಿಗೆ. ಬೆರಳಲ್ಲಿ ಎಳೆದು ಬಿಟ್ಟರೆ ಒಂದೇ ಒಂದು ಠಿಣ್. ಇದರ ಚಂದ ಇರುವುದು ನಾದ ಉಳಿಯುವುದರಲ್ಲಿ. ಬಟ್ಟಲನ್ನು ನಡುವೆ ಮಾತ್ರ ಹಿಡಿದಿರುತ್ತಾರೆ, ಅಂಚು ಯಾವುದಕ್ಕೂ ತಗಲುವುದಿಲ್ಲ. ಹಾಗಾಗಿ ಅಂಚು ತನ್ನಷ್ಟಕ್ಕೆ ನಡುಗುತ್ತಾ ಇರುತ್ತದೆ. ದೇವರ ಮನೆಯ ಗಂಟೆಯನ್ನು ಕೈಯಲ್ಲಿ ಮುಚ್ಚಿ ಹಿಡಿದು ಬಾರಿಸಿ ನೋಡಿ, ಟಕ್ ಅನ್ನುತ್ತದೆ, ಅಷ್ಟೆ. ಇದರ ಅಂಚಿಗೂ ಬ್ರೇಕ್ ಕೇಬಲ್ ತಗಲಿದರೆ ಹಾಗೇ ಆಗುತ್ತದೆ. ಬೆಲ್ ಸತ್ತುಹೋಗಿದೆ ಅಂತ ಬಿಸಾಡುವವರು ಮೊದಲು ಆ ಕೇಬಲ್ ನೋಡಿ.

ಇನ್ನೊಂದು ಗುಣ, ಇದನ್ನು ಮೆತ್ತಗೂ ಬಾರಿಸಬಹುದು. ಸುತ್ತಿಗೆಯನ್ನು ಸ್ವಲ್ಪ ಎಳೆದರೆ ಸಣ್ಣ ಸದ್ದು, ಜಾಸ್ತಿ ಎಳೆದರೆ ದೊಡ್ಡದು. ನನಗೆ ಬಹಳ ಹಿಡಿಸಿತು. ಒಂದು ತಿಂಗಳು ಇಟ್ಟುಕೊಂಡಿದ್ದೆ.

ಆದರೆ ಏರಿ ಮೇಲೆ ಒಂದು ವಿಚಿತ್ರ ನೋಡಿದೆ. ನಾನು ಠಿಣ್ ಅನ್ನಿಸಿದರೆ ಜನ ಹಿಂದೆ ತಿರುಗುತ್ತಿರಲಿಲ್ಲ, ಜೇಬಿಗೆ ಕೈ ಹಾಕುತ್ತಿದ್ದರು. ಫೋನಿಗೆ ಮೆಸೇಜ್ ಬಂತು ಅಂತ! ಒಬ್ಬರಂತೂ ನಡು ದಾರಿಯಲ್ಲಿ ನಿಂತು ಕನ್ನಡಕ ಹಾಕಿಕೊಂಡರು. ಸದ್ದು ಕಿವಿಗೆ ಬಿತ್ತು, ಅರ್ಥ ಬೇರೆ ಆಯಿತು.

ಸರಿ, ಪರೀಕ್ಷೆ ಮಾಡೇಬಿಡೋಣ ಅಂತ ಒಂದು ಭಾನುವಾರ ಮನೆಯವಳನ್ನೂ ಮಾವನವರನ್ನೂ ಏರಿಗೆ ಕರೆದುಕೊಂಡು ಹೋದೆ. ಮಾವನವರಿಗೆ 82. ಇಬ್ಬರೂ ಮುಂದೆ ನಡೆಯಬೇಕು, ತಿರುಗಬಾರದು. ಸದ್ದು ಕೇಳಿದ ಕೂಡಲೇ ಕೈ ಎತ್ತಬೇಕು, ಯಾವ ಕಡೆಯಿಂದ ಬಂತೋ ಆ ಕಡೆಯ ಕೈಯನ್ನೇ ಎತ್ತಬೇಕು. ನಾನು ಇಪ್ಪತ್ತು ಹೆಜ್ಜೆ ಹಿಂದೆ.

ಹಿತ್ತಾಳೆಯ ಠಿಣ್‌ಗೆ ಇವಳು ಕೈ ಎತ್ತಿದಳು, ಆದರೆ ಯಾವ ಕೈ ಅಂತ ಗೊತ್ತಾಗದೆ ಎರಡನ್ನೂ ಎತ್ತಿದಳು. ಮಾವನವರು ಸುಮ್ಮನೆ ನಡೆಯುತ್ತಲೇ ಇದ್ದರು. ಇನ್ನೊಮ್ಮೆ ಬಾರಿಸಿದೆ. ಊಹೂಂ. ಆಮೇಲೆ ಪಕ್ಕದ ಮನೆ ಹುಡುಗನ ಸೈಕಲ್ಲಿನಿಂದ ಟ್ರಿಣ್ ಟ್ರಿಣ್ ಅನ್ನಿಸಿದೆ. ಇಬ್ಬರ ಬಲಗೈಯೂ ಮೇಲೆದ್ದಿತು. ನಾನು ಬಲಗಡೆಯೇ ಇದ್ದೆ.

"ಯಾಕ್ರೀ, ಇಷ್ಟು ದುಡ್ಡು ಕೊಟ್ಟು ಅದನ್ನ ತಂದ್ರಿ?" ಅಂದಳು.

ಕಾರಣ ಇದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ, ತಾರಕ ಸ್ವರಗಳನ್ನು. ಬಟ್ಟಲು ಚಿಕ್ಕದಿದ್ದಷ್ಟೂ ಸ್ವರ ಮೇಲೆ ಹೋಗುತ್ತದೆ. ಬೆಳಗಿನ ಹೊತ್ತು ಏರಿ ಮೇಲೆ ನಡೆಯುವವರಲ್ಲಿ ಮುಕ್ಕಾಲು ಜನ ವಯಸ್ಸಾದವರೇ. ಹಾಗಂತ ತೀರಾ ತಗ್ಗು ಸ್ವರವೂ ಬೇಡ. ಪಕ್ಕದಲ್ಲಿ ದೊಡ್ಡ ರಸ್ತೆ ಇದ್ದರೆ ಬಸ್ಸು ಲಾರಿಗಳ ಗುಡುಗುಡು ಅದನ್ನು ನುಂಗಿಬಿಡುತ್ತದೆ. ನಡುವಿನದು ಬೇಕು. ಅಂಗೈ ಅರ್ಧ ತುಂಬುವಂಥ ಮುಚ್ಚಳ ಇರುವ ಬೆಲ್ಲು ಅಂದುಕೊಳ್ಳಿ.

ದಿಕ್ಕಿನ ವಿಷಯವೂ ಹಾಗೇ. ಎರಡು ಕಿವಿಗೂ ಸದ್ದು ಮುಟ್ಟುವುದರಲ್ಲಿ ಕೂದಲೆಳೆಯಷ್ಟು ಹಿಂದುಮುಂದು ಆಗುತ್ತದೆ, ಜೋರಿನಲ್ಲೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ಅದರಿಂದಲೇ ನಮಗೆ ದಿಕ್ಕು ತಿಳಿಯುವುದು. ಒಂದೇ ಶುದ್ಧ ಸ್ವರ ಸುಮ್ಮನೆ ತೇಲುತ್ತಿದ್ದರೆ ಕಿವಿಗೆ ಹಿಡಿತ ಸಿಗುವುದಿಲ್ಲ. ಕಟಕಟ ಅಂತ ಶುರುವಾಗುವ, ಹಲವು ಸ್ವರ ಬೆರೆತ ಸದ್ದಾದರೆ ತಟ್ಟನೆ ಗೊತ್ತಾಗುತ್ತದೆ. ಸಂಗೀತಕ್ಕೆ ಒಳ್ಳೆಯದು ಬೇರೆ, ಏರಿಗೆ ಒಳ್ಳೆಯದು ಬೇರೆ.

ಹೀಗೆ ಸುತ್ತಿ ಬಳಸಿ ನಾನು ವಾಪಸ್ ಬಂದದ್ದು ಟ್ರಿಣ್ ಟ್ರಿಣ್‌ಗೇ. ಇದನ್ನು ಚಿಕ್ಕಂದಿನಲ್ಲಿ ಬಿಚ್ಚದವರು ಕಡಿಮೆ. ಮುಚ್ಚಳ ತಿರುಗಿಸಿ ತೆಗೆದರೆ ಒಳಗೆ ಹಲ್ಲಿನ ಚಕ್ರಗಳು, ಅಡ್ಡಕ್ಕೆ ಒಂದು ಪಟ್ಟಿ, ಪಟ್ಟಿಯ ಎರಡು ತುದಿಗೆ ಲೊಡಲೊಡ ಅನ್ನುವ ಎರಡು ಬಿಲ್ಲೆ. ಹೆಬ್ಬೆರಳಲ್ಲಿ ಸನ್ನೆ, ಅಂದರೆ ಹೊರಗೆ ಚಾಚಿರುವ ಪುಟ್ಟ ಹಿಡಿ, ಒತ್ತಿದರೆ ಚಕ್ರ ತಿರುಗುತ್ತದೆ, ಪಟ್ಟಿ ಗಿರ್ರನೆ ಸುತ್ತುತ್ತದೆ, ಬಿಲ್ಲೆಗಳು ಹೊರಕ್ಕೆ ಚಿಮ್ಮಿ ಮುಚ್ಚಳದ ಒಳಗಿನ ಉಬ್ಬುಗಳಿಗೆ ಬಡಿಯುತ್ತವೆ. ಬೆರಳು ಬಿಟ್ಟರೆ ಸ್ಪ್ರಿಂಗು ಸನ್ನೆಯನ್ನು ಹಿಂದಕ್ಕೆ ಎಳೆಯುತ್ತದೆ, ಇನ್ನೊಂದು ಸುತ್ತು ಬಡಿತ. ಅದಕ್ಕೇ ಒಂದು ಸಲ ಒತ್ತಿದರೂ ಎರಡು ಟ್ರಿಣ್. ಇದನ್ನೂ ಮೆತ್ತಗೆ ಬಾರಿಸಬಹುದು ಅಂತ ನನಗೆ ತಿಳಿದದ್ದು ಈ ವಯಸ್ಸಿನಲ್ಲಿ. ಸನ್ನೆಯನ್ನು ಅರ್ಧ ಮಾತ್ರ, ನಿಧಾನಕ್ಕೆ ಒತ್ತಿ. ಕೇಳಿ.

(ಮೆಲುವಾಗಿ ಒಂದು ಟ್ರಿ)

ಸೈಕಲ್ ಬೆಲ್ಲಿಗೆ 1877ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜಾನ್ ರಿಚರ್ಡ್ ಡೆಡಿಕೋಟ್. ಅಲ್ಲಿಂದ ಇಲ್ಲಿಗೆ ಬಂದ ಸದ್ದು ನಮ್ಮಲ್ಲಿ ಎಷ್ಟು ಬೇರೂರಿದೆ ಅಂದರೆ, 2017ರಲ್ಲಿ ಮೈಸೂರಿನಲ್ಲಿ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ ಅದಕ್ಕೆ ಟ್ರಿಣ್ ಟ್ರಿಣ್ ಅಂತಲೇ ಹೆಸರಿಟ್ಟರು. ಸೈಕಲ್ ಅನ್ನುವ ಮಾತೇ ಬೇಕಾಗಲಿಲ್ಲ. ಏರಿ ಮೇಲಿನ ಅಜ್ಜಿಗೂ ಅಷ್ಟೆ. ಬೆನ್ನ ಹಿಂದೆ ಟ್ರಿಣ್ ಅಂದರೆ ಲಾರಿ ಅಲ್ಲ, ಫೋನ್ ಅಲ್ಲ, ಬೊಂಬೆ ಮಿಠಾಯಿಯವನೂ ಅಲ್ಲ.

ಇನ್ನು ಯಾವಾಗ ಬಾರಿಸಬೇಕು ಅನ್ನುವುದು. ಇದರಲ್ಲಿ ಎಡವಿದರೆ ಯಾವ ಬೆಲ್ ಕೊಂಡರೂ ಒಂದೇ. ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 15 ಕಿಲೋಮೀಟರ್ ವೇಗ ಅಂದರೆ ಒಂದು ಸೆಕೆಂಡಿಗೆ ನಾಲ್ಕು ಮೀಟರ್‌ಗಿಂತ ತುಸು ಜಾಸ್ತಿ. ಮುಂದೆ ನಡೆಯುವವರು ಸೆಕೆಂಡಿಗೆ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಕಡಿಮೆ ಹೋಗುತ್ತಾರೆ. 20 ಮೀಟರ್ ದೂರದಲ್ಲಿ ಬಾರಿಸಿದರೆ ಅವರಿಗೆ ಸುಮಾರು ಏಳು ಸೆಕೆಂಡು ಸಿಗುತ್ತದೆ. ಕೇಳಿ, ತಿರುಗಿ, ಪಕ್ಕದವರಿಗೆ "ಸೈಕಲ್ ಬಂತು, ಬಾರೋ" ಅಂದು, ಮಾತಿನ ಎಳೆ ತಪ್ಪಿಸದೆ ಬದಿಗೆ ಹೋಗಬಹುದು. ಐದು ಮೀಟರ್‌ನಲ್ಲಿ ಬಾರಿಸಿದರೆ ಎರಡು ಸೆಕೆಂಡೂ ಇಲ್ಲ.

ನಡೆಯುವವರಿಗೂ ಸೈಕಲ್ಲಿನವರಿಗೂ ಈ ಜಗಳ ಹೊಸದೇನಲ್ಲ. 1888ರಲ್ಲೇ ಇಂಗ್ಲೆಂಡಿನಲ್ಲಿ ಒಂದು ಕಾನೂನು ಬಂದಿತ್ತು. ಗಾಡಿ, ಕುದುರೆ, ನಡೆಯುವವರು, ಯಾರನ್ನೇ ದಾಟುವ ಮೊದಲು ಸೈಕಲ್ಲಿನವನು ತಕ್ಕಷ್ಟು ದೂರದಿಂದಲೇ ಬೆಲ್ ಬಾರಿಸಿಯೋ ಸೀಟಿ ಊದಿಯೋ ಎಚ್ಚರಿಸಬೇಕು ಅಂತ. ಲಂಡನ್ನಿನಲ್ಲಿ ಕಾಲುವೆ ದಡದ ಇಕ್ಕಟ್ಟಿನ ದಾರಿಗಳಿವೆ. ದೋಣಿ ಎಳೆಯುವ ಕುದುರೆಗಳಿಗೆಂದು ಮಾಡಿದ ದಾರಿ, ಈಗ ನಮ್ಮ ಏರಿಯ ಹಾಗೆ ಎಲ್ಲರದೂ. ಅಲ್ಲಿ ಸೈಕಲ್ಲಿನವರಿಗೆ ಹೇಳಿಕೊಟ್ಟ ಮಾತು, ದಾಟುವಾಗ ಎರಡು ಠಿಣ್. ಅದಕ್ಕಿಂತ ಜಾಸ್ತಿ ಬಾರಿಸಿದರೆ ರೇಗಿದ ಹಾಗೆ ಕೇಳಿಸುತ್ತದೆ.

ಜಪಾನಿನಲ್ಲಿ ಇದು ತಲೆಕೆಳಗು. ಸೈಕಲ್ಲಿಗೆ ಬೆಲ್ ಇರಲೇಬೇಕು, ಆದರೆ ಫುಟ್‌ಪಾತಿನ ಮೇಲೆ ನಡೆಯುವವರನ್ನು ಸರಿಸುವುದಕ್ಕೆ ಅದನ್ನು ಬಾರಿಸಿದರೆ ಕಾನೂನು ಪ್ರಕಾರ ತಪ್ಪು. ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಬಾರಿಸಬಹುದು. ಇಲ್ಲವಾದರೆ ನಿಧಾನಕ್ಕೆ ಹೋಗು, ಬೇಕಾದರೆ ನಿಲ್ಲು. ಮೊದಲು ಓದಿದಾಗ ನಗು ಬಂತು, ಬಾರಿಸಬಾರದ ಬೆಲ್ ಯಾಕೆ ಅಂತ. ಈಗ ಅರ್ಧ ಒಪ್ಪುತ್ತೇನೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡು ಕೇಳುತ್ತಾ ಹೋಗುವವರಿಗೆ ನನ್ನ ಬೆಲ್ಲೂ ಒಂದೇ, ದೇವಸ್ಥಾನದ ಗಂಟೆಯೂ ಒಂದೇ. ನಾಯಿಗೆ, ಚಿಕ್ಕ ಮಕ್ಕಳಿಗೆ ಬಾರಿಸಿದರೆ ಅವು ಯಾವ ಕಡೆ ಓಡುತ್ತವೆ ಅಂತ ಹೇಳಲಿಕ್ಕಾಗದು. ಅಲ್ಲೆಲ್ಲ ನಾನು ಇಳಿದು ತಳ್ಳಿಕೊಂಡು ಹೋಗುತ್ತೇನೆ. ಆರು ಗಂಟೆ ಬೆಳಿಗ್ಗೆ ನನಗೇನು ಆಫೀಸಿಗೆ ಹೊತ್ತಾಗುತ್ತದಾ?

ಕೊಳ್ಳಲು ಹೋಗುವವರಿಗೆ ಎರಡು ಮಾತು. ಎಷ್ಟೋ ಹೊಸ ಸೈಕಲ್ಲುಗಳ ಹ್ಯಾಂಡಲ್ ನಡುವೆ ದಪ್ಪ, 31.8 ಮಿಲಿಮೀಟರ್ ಇರುತ್ತದೆ. ತುದಿಯಲ್ಲಿ 22 ಮಿಲಿಮೀಟರ್ ಅಷ್ಟೆ. ಹಳೆ ಬೆಲ್ಲಿನ ಪಟ್ಟಿ ದಪ್ಪ ಜಾಗಕ್ಕೆ ಹತ್ತುವುದಿಲ್ಲ. ಸೈಕಲ್ಲನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ, ಹ್ಯಾಂಡಲ್ ಮೇಲೆ ಇಟ್ಟು ನೋಡಿ. ಬ್ರೇಕಿನಿಂದ ಬೆರಳು ತೆಗೆಯದೆ ಹೆಬ್ಬೆರಳು ಸನ್ನೆಗೆ ಸಿಗಬೇಕು. ಅಂಗಡಿಯವನಿಗೆ ಬಾರಿಸಲು ಹೇಳಿ ನೀವು ಬೀದಿಗೆ ಹೋಗಿ, ಬೆನ್ನು ತಿರುಗಿಸಿ ನಿಂತು ಕೇಳಿ. ಅವನು ನಕ್ಕರೆ ನಗಲಿ. ಮಳೆಗಾಲ ಕಳೆದ ಮೇಲೆ ಒಳಗಿನ ಚಕ್ರಕ್ಕೆ ಒಂದೇ ತೊಟ್ಟು ಎಣ್ಣೆ ಬಿಡಿ. ತುಕ್ಕು ಹಿಡಿದ ಬೆಲ್ಲು ಬೇಕಾದಾಗಲೇ ಕೈ ಕೊಡುತ್ತದೆ.

ಇನ್ನೊಂದು ಇದೆ. ಈ ಬೆಲ್ಲಿನ ಮುಚ್ಚಳಕ್ಕೆ ಕಳ್ಳರ ಕಾಟ ಜಾಸ್ತಿ. ತಿರುಗಿಸಿದರೆ ಬಂದುಬಿಡುತ್ತದಲ್ಲ. ನಮ್ಮ ಕಾಲದಲ್ಲಿ ಟಾಕೀಸಿನ ಸ್ಟ್ಯಾಂಡಿನಲ್ಲಿ ಸೈಕಲ್ ನಿಲ್ಲಿಸಿದರೆ ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಂಡೇ ಒಳಗೆ ಹೋಗುತ್ತಿದ್ದೆವು. ಸಿನಿಮಾ ನಡುವೆ ಯಾರಾದರೂ ಎದ್ದರೆ ಜೇಬಿನ ಚಿಲ್ಲರೆಗೆ ತಗಲಿ ಠಣ್ ಅನ್ನುತ್ತಿತ್ತು.

ಈ ಮೇಜಿನ ಮೇಲಿರುವ ಟ್ರಿಣ್ ಟ್ರಿಣ್ ಬೆಲ್ಲು ಅಂಗಡಿಯಿಂದ ಕೇಳಿ ತಂದದ್ದು, ಸಂಜೆಗೆ ವಾಪಸ್ ಕೊಡಬೇಕು. ನನ್ನ ಸೈಕಲ್ಲು ಹೊರಗೆ ಬೇವಿನ ಮರದ ಕೆಳಗೆ ನಿಂತಿದೆ. ಅದರ ಮುಚ್ಚಳ ಇಲ್ಲೇ ಇದೆ, ನನ್ನ ಜುಬ್ಬಾದ ಜೇಬಿನಲ್ಲಿ.

(ಮುಚ್ಚಳಕ್ಕೆ ನಾಣ್ಯ ತಗಲಿದ ಸದ್ದು)

ನಮಸ್ಕಾರ.