ಕಾವಿಗೆ ಮೊದಲೇ ಕೆಟ್ಟ ಮೊಟ್ಟೆ

ಅಧ್ಯಕ್ಷರೇ, ಸಂಘದ ಅಕ್ಕಂದಿರೇ, ಊಟದ ವಾಸನೆ ಬಂದೊಡನೆ ಏಳಲು ಅನುಕೂಲವಾಗಲಿ ಅಂತ ಬಾಗಿಲ ಹತ್ತಿರವೇ ಕೂತಿರುವ ಅಣ್ಣಂದಿರೇ,

ಸಮಯ ಕಡಿಮೆ ಇದೆ. ನಾಟಿ ಕೋಳಿಯ ಗುಣಗಾನ ನಿಮಗೆ ಬೇಕಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಹನ್ನೆರಡು ಮೊಟ್ಟೆಗೆ ಕೋಳಿಯನ್ನು ಕಾವಿಗೆ ಕೂರಿಸಿ ನಾಲ್ಕೇ ಮರಿ ಬಂದರೆ ಬೈಗುಳ ಕೋಳಿಗೆ. "ಇದಕ್ಕೆ ಕೂರೋಕೇ ಬರಲ್ಲ" ಅನ್ನುತ್ತೇವೆ. ನನ್ನ ತಕರಾರು ಇಲ್ಲೇ. ನಾಟಿ ಹ್ಯಾಟೆಗೆ, ಅಂದರೆ ಹೆಣ್ಣು ಕೋಳಿಗೆ, ಕೂರುವುದನ್ನು ಯಾರೂ ಕಲಿಸಬೇಕಿಲ್ಲ. ಬಹಳ ಸಲ ಮೊಟ್ಟೆ ಅದರ ಹೊಟ್ಟೆಯಡಿ ಹೋಗುವ ಮೊದಲೇ ಕೆಟ್ಟಿರುತ್ತದೆ. ಕೆಡಿಸಿದವರು ನಾವು.

ಹೇಗೆ ಅಂತೀರಾ? ಮೊಟ್ಟೆ ಕೂಡಿಡುವುದು ಎಲ್ಲಿ? ಒಲೆ ಪಕ್ಕದ ಗೂಡಿನಲ್ಲಿ, ಇಲ್ಲವೇ ಅಟ್ಟದ ಮೇಲೆ. ಸುಮಾರು 21 ಡಿಗ್ರಿ ದಾಟಿದರೆ ಒಳಗಿನ ಜೀವ ಮೆಲ್ಲಗೆ ಬೆಳೆಯಲು ಶುರು ಮಾಡುತ್ತದೆ. ಸರಿಯಾಗಿ ಬೆಳೆಯಬೇಕಾದರೆ 37ರಿಂದ 38 ಬೇಕು. ನಡುವಿನ ಬಿಸಿಯಲ್ಲಿ ಸಿಕ್ಕಿದ್ದು ಬೆಳೆಯುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ, ಬಳಲಿ ಸಾಯುತ್ತದೆ. ಏಪ್ರಿಲ್ ತಿಂಗಳ ಅಟ್ಟ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಅದಕ್ಕೆ ಒಂದು ಮಣ್ಣಿನ ಮಡಕೆ ತಗೊಳ್ಳಿ. ನೆರಳಿನ ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಕೂರಿಸಿ, ಒಳಗೆ ಒಣ ಹೊಟ್ಟು ಹಾಕಿ, ಮೊಟ್ಟೆಯ ಚೂಪು ತುದಿ ಕೆಳಗೆ ಬರುವಂತೆ ಇಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ. ಚಳಿಗಾಲದಲ್ಲಿ ಏಳು ದಿನದೊಳಗಿನ ಮೊಟ್ಟೆ ಸಾಕು, ಬೇಸಿಗೆಯಲ್ಲಿ ಮೂರು-ನಾಲ್ಕು ದಿನ ಮೀರಬೇಡಿ. ಫ್ರಿಜ್ಜಿನ ಮೊಟ್ಟೆ ಆಮ್ಲೆಟ್ಟಿಗೆ. ತೊಳೆಯಬೇಡಿ, ಚಿಪ್ಪಿನ ಮೇಲಿನ ತೆಳು ಪೊರೆ ಹೋದರೆ ಕೊಳೆ ಒಳಗೆ ಇಳಿಯುತ್ತದೆ. ಮಣ್ಣು ಹತ್ತಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ಎಂಟು-ಹತ್ತು ಹ್ಯಾಟೆಗೆ ಒಂದು ಹುಂಜ ಇರಲಿ. ಇದನ್ನೂ ಹೇಳಬೇಕಾ ಅಂತ ನಗುತ್ತೀರಿ. ಹಬ್ಬಕ್ಕೆ ಹುಂಜ ಕೊಯ್ದು, ತಿಂಗಳು ಬಿಟ್ಟು ಮೊಟ್ಟೆ ಇಡುವವರು ಇದ್ದಾರೆ!

ಇನ್ನು ಎಷ್ಟು ಮೊಟ್ಟೆ. ನಾಟಿ ಹ್ಯಾಟೆಗೆ ಹತ್ತರಿಂದ ಹನ್ನೆರಡು, ಚಳಿ ಜೋರಿದ್ದರೆ ಒಂಬತ್ತು. "ಇನ್ನೆರಡು ಇದ್ದರೆ ಏನಾಯ್ತು" ಅನ್ನಬೇಡಿ. ಕೋಳಿ ದಿನವಿಡೀ ಕೊಕ್ಕಿನಲ್ಲಿ ಮೊಟ್ಟೆ ಹೊರಳಿಸುತ್ತಾ ಒಳಗಿನದ್ದನ್ನು ಅಂಚಿಗೆ, ಅಂಚಿನದ್ದನ್ನು ಒಳಗೆ ತರುತ್ತದೆ. ಹೆಚ್ಚಾದ ಎರಡು ಯಾವಾಗಲೂ ಅವೇ ಎರಡಲ್ಲ. ಸರದಿಯ ಮೇಲೆ ಎಲ್ಲವೂ ತಣ್ಣಗಾಗುತ್ತವೆ.

ಕೋಳಿ ನಿಜವಾಗಿ ಕಾವಿಗೆ ಬಂದಿದೆಯಾ ಅಂತ ಎರಡು ರಾತ್ರಿ ನೋಡಿ. ಗೂಡು ಬಿಡದೆ, ಮುಟ್ಟಿದರೆ ಗರಿ ಕೆದರಿ ಗುರ್ ಅಂದರೆ ಬಂದಿದೆ. ಮಂಕರಿಯ ತಳಕ್ಕೆ ಬೂದಿ ಬೆರೆಸಿದ ಮಣ್ಣು, ಮೇಲೆ ಒಣ ಹುಲ್ಲು, ನಡುವೆ ಸ್ವಲ್ಪ ತಗ್ಗು. ರೆಕ್ಕೆಯಡಿ ಹೇನಿದ್ದರೆ ಕೂರಿಸುವ ಮೊದಲೇ ಔಷಧಿ ಮಾಡಿ, ಹೇನು ಕಚ್ಚುತ್ತಿದ್ದರೆ ಕೋಳಿ ಗೂಡಲ್ಲಿ ನಿಲ್ಲುವುದಿಲ್ಲ. ಜಾಗ ಬದಲಿಸುವುದಾದರೆ ಕತ್ತಲಾದ ಮೇಲೆ ಬದಲಿಸಿ. ಮೊದಲು ಒಂದೆರಡು ಹಾಳು ಮೊಟ್ಟೆ ಇಟ್ಟು, ನೆಲೆ ನಿಂತ ಮೇಲೆ ಅವನ್ನು ತೆಗೆದು ಒಳ್ಳೆಯವನ್ನು ಎಲ್ಲಾ ಒಟ್ಟಿಗೆ ಇಡಿ.

ಒಟ್ಟಿಗೆ ಅಂದೆನಲ್ಲ, ಅದಕ್ಕೊಂದು ಕಥೆ ಇದೆ. ಯಾವ ಊರಿಗೆ ಹೋದರೂ ಸಿಗುವ ಕಥೆ. ಹನ್ನೊಂದು ಮೊಟ್ಟೆ ಇಟ್ಟು ಕೋಳಿ ಕೂತಿದೆ. ಅದು ಮೇಯಲು ಎದ್ದ ಹದಿನೈದು ನಿಮಿಷದಲ್ಲಿ ಇನ್ನೊಂದು ಹ್ಯಾಟೆ ಬಂದು ಅದೇ ಮಂಕರಿಯಲ್ಲಿ ಮೊಟ್ಟೆ ಇಟ್ಟು ಕೂಗಿಕೊಂಡು ಹೋಗುತ್ತದೆ. ಮಾರನೆಯ ದಿನ ಮತ್ತೊಂದು. ಮನೆಯಾಕೆ ಎಣಿಸಿದರೆ ಹದಿನಾರು! "ಹೆಚ್ಚು ಮರಿ ಬರುತ್ತೆ ಬಿಡಿ" ಅಂತ ಖುಷಿ. 21ನೇ ದಿನ ಆರು ಮರಿ ಬಿತ್ತು. ಕೋಳಿ ಒಂದೆರಡು ದಿನ ನೋಡಿ ಮರಿ ಕರೆದುಕೊಂಡು ಎದ್ದು ಹೋಯಿತು. ಉಳಿದ ಹತ್ತನ್ನು ಒಡೆದು ನೋಡಿದರೆ ಐದರಲ್ಲಿ ಪುಕ್ಕ ಮೂಡಿದ ಮರಿ, ಇನ್ನೊಂದು ವಾರ ಬೇಕಿತ್ತು ಅಷ್ಟೇ. ಮಿಕ್ಕವು ಜಾಗವಿಲ್ಲದೆ ತಣ್ಣಗಾಗಿ ಸತ್ತಂಥವು. ಅತ್ತೆ "ಗುಡುಗಿಗೆ ಹೋಯ್ತು" ಅಂದರು, ಸೊಸೆ "ಕೋಳಿ ಸರಿಯಿಲ್ಲ" ಅಂದಳು. ನೋಡಿ, ಮತ್ತೆ ಕೋಳಿಗೇ ಬಂತು! ಇಟ್ಟ ದಿನವೇ ಎಲ್ಲಾ ಮೊಟ್ಟೆಗೂ ಸೀಸದ ಕಡ್ಡಿಯಲ್ಲಿ ಗುಂಡು ಗೆರೆ ಎಳೆದಿದ್ದರೆ, ಗೆರೆಯಿಲ್ಲದ್ದನ್ನು ದಿನಾ ಸಂಜೆ ತೆಗೆದು ಸಾರಿಗೆ ಹಾಕಬಹುದಿತ್ತು. ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಕಬ್ಬಿಣದ ಮೊಳೆ ಇಡುವವರು ಇಡಿ, ಮೊಳೆಯಿಂದ ತೊಂದರೆಯಿಲ್ಲ. ಜೊತೆಗೆ ಮೇಲಿನ ಹೆಂಚು ಸೋರುತ್ತಾ ಅಂತಲೂ ನೋಡಿ.

ದಿನಕ್ಕೊಮ್ಮೆ ಕೋಳಿ ಏಳಲಿ. ಹತ್ತಿರದಲ್ಲೇ ಜೋಳ ಅಥವಾ ರಾಗಿ, ನೀರು ಇಡಿ. ದಪ್ಪನೆ, ನಾರುವ ಹಿಕ್ಕೆ ಹಾಕಿದರೆ ಕಾಯಿಲೆ ಅಂದುಕೊಳ್ಳಬೇಡಿ, ದಿನವಿಡೀ ತಡೆದುಕೊಂಡಿದ್ದು ಅದು. ತಾನಾಗಿ ಏಳದಿದ್ದರೆ ನೀವೇ ಎತ್ತಿ ಇಳಿಸಿ, ಆದರೆ ಮೊದಲು ರೆಕ್ಕೆಯಡಿ ಕೈಹಾಕಿ, ಮೊಟ್ಟೆ ಸಿಕ್ಕಿಕೊಂಡಿರುತ್ತದೆ.

ಏಳನೇ ರಾತ್ರಿ ಮೊಬೈಲ್ ಟಾರ್ಚನ್ನು ಮೊಟ್ಟೆಯ ದಪ್ಪ ತುದಿಗೆ ಹಿಡಿಯಿರಿ. ಜೇಡರ ಬಲೆಯಂತೆ ಕೆಂಪು ನರ ಕಂಡರೆ ಜೀವ ಇದೆ. ಬರೀ ಬೆಳಕು ಕಂಡರೆ ಜೀವ ಕೂಡಿಲ್ಲ, ರಕ್ತದ ಉಂಗುರ ಕಂಡರೆ ಸತ್ತಿದೆ, ಎರಡನ್ನೂ ತೆಗೆಯಿರಿ. ಕೊಳೆತ ಒಂದು ಮೊಟ್ಟೆ ಒಡೆದರೆ ಇಡೀ ಗೂಡು ಹಾಳು. 14ಕ್ಕೆ ಇನ್ನೊಮ್ಮೆ ನೋಡಿ. 18 ದಾಟಿದ ಮೇಲೆ ಕೈ ಹಾಕಲೇಬೇಡಿ.

ಚಿಪ್ಪು ಬಿರಿದ ಮೇಲೆ ಮರಿ ಹೊರಬರಲು ಹನ್ನೆರಡು ತಾಸು ಆದೀತು, ಇಡೀ ದಿನವೂ ಆದೀತು. ಕರುಣೆಯಿಂದ ಚಿಪ್ಪು ಬಿಡಿಸಿದರೆ ಪೊರೆಯ ನರ ಹರಿದು ರಕ್ತ ಬರುತ್ತದೆ. ಹುಟ್ಟಿದ ಮರಿಗೆ ಹೊಟ್ಟೆಯೊಳಗೆ ಹಳದಿ ಉಳಿದಿರುತ್ತದೆ, ಒಂದು ದಿನ ಮೇವಿಲ್ಲದಿದ್ದರೂ ನಡೆಯುತ್ತದೆ.

ಚೀಟಿ ಬಂತು, ಐದು ನಿಮಿಷವಂತೆ. ಗಿರಿರಾಜ ಕೋಳಿಯ ಮೊಟ್ಟೆ ಇಡಬಹುದಾ ಅಂತ ಯಾರೋ ಕೇಳಿದ್ದರು. ನಾಟಿ ಕೋಳಿ ಕೆಳಗೆ ಇಡಬಹುದು, ದೊಡ್ಡ ಮೊಟ್ಟೆಯಾದ್ದರಿಂದ ಎಂಟು ಸಾಕು. ಅದು ಬೆಂಗಳೂರಿನ ಪಶುವೈದ್ಯ ಕಾಲೇಜಿನಲ್ಲಿ ತಯಾರಾದ ಮಿಶ್ರತಳಿ, ಮರಿಗಳೆಲ್ಲ ತಾಯಿಯಂತೆಯೇ ಬರುವುದಿಲ್ಲ. ಇನ್ನು ಮರಿ ಬೇಡದಾಗ ಕೋಳಿಯ ಕಾವು ಬಿಡಿಸಲು ಮೂಗಿಗೆ ಪುಕ್ಕ ಚುಚ್ಚುವುದು, ನೀರಿಗೆ ಅದ್ದುವುದು ಬೇಡ. ತಳಕ್ಕೆ ಜಾಲರಿ ಇರುವ ಪಂಜರವನ್ನು ನೆಲದಿಂದ ಎತ್ತಿ ಇಟ್ಟು, ಮೇವು ನೀರು ಕೊಟ್ಟು ಮೂರು-ನಾಲ್ಕು ದಿನ ಬಿಡಿ. ಹೊಟ್ಟೆಯಡಿ ಗಾಳಿ ಆಡಿದರೆ ಕಾವು ಇಳಿಯುತ್ತದೆ.

ಕೊನೆಗೆ ಕೋಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ. ಮರಿ ಹುಟ್ಟಿದ ಐದರಿಂದ ಏಳನೇ ದಿನದೊಳಗೆ ಲಸೋಟ ಅನ್ನುವ ಲಸಿಕೆ, ಕಣ್ಣಿಗೆ ಒಂದು ಹನಿ. ಬಾಟಲಿಯಲ್ಲಿ ನೂರು ಮರಿಗೆ ಆಗುವಷ್ಟಾದರೂ ಇರುತ್ತದೆ, ಕಲಸಿದ ಮೇಲೆ ಐಸ್‌ನಲ್ಲಿಟ್ಟು ಎರಡು ತಾಸಿನೊಳಗೆ ಮುಗಿಸಬೇಕು. ಎಂಟು ಮರಿಗೆ ಯಾರು ತರುತ್ತಾರೆ? ಅದಕ್ಕೇ ಎಂಟು-ಹತ್ತು ಮನೆಯವರು ಒಂದೇ ವಾರ ಕೋಳಿ ಕೂರಿಸಿ. ಯಾರ ಮನೆಯಲ್ಲಿ ಈಗ ಕಾವಿಗೆ ಬಂದಿದೆಯೋ ಅವರು ಊಟಕ್ಕೆ ಹೋಗುವ ಮುಂಚೆ ಆ ಮೇಜಿನ ಹತ್ತಿರ ಹೆಸರು ಬರೆಸಿ.